ಅಕ್ಷಯನೀವಿ ಮತ್ತು ವೃಕ್ಷದಾನ: ಮುಂಬಯಿ ಪರಿಸರದ ದತ್ತಿಪರಂಪರೆಯಲ್ಲಿ ಗಟ್ಟಿಮರಗಳ ಪ್ರಶ್ನೆ

೧

ಹುಟ್ಟುಹಬ್ಬ, ಮದುವೆ, ನಿವೃತ್ತಿ, ತೀರಿಕೊಂಡವರ ಸ್ಮರಣೆ ಮೊದಲಾದ ಸಂದರ್ಭಗಳಲ್ಲಿ ಹೂಗುಚ್ಛಕ್ಕೆ ಬದಲಾಗಿ ಗಿಡ ನೆಡಿಸುವ ಹಣವನ್ನು ಕಾಣಿಕೆಯಾಗಿ ಕೊಡುವ ರೂಢಿ ಮುಂಬಯಿ ಮಹಾನಗರದಲ್ಲಿ ಈ ಶತಮಾನದಲ್ಲಿ ಬೆಳೆದುಬಂದಿದೆ. ೨೦೧೦ರಲ್ಲಿ ಇದೇ ನಗರದಲ್ಲಿ ಆರಂಭವಾದ ಗ್ರೋ-ಟ್ರೀಸ್ ಸಂಸ್ಥೆ ಈ ರೂಢಿಯನ್ನು ಪ್ರಚಾರಕ್ಕೆ ತಂದವುಗಳಲ್ಲಿ ಒಂದು. ಗಿಡವೊಂದಕ್ಕೆ ಇಷ್ಟು ಹಣವೆಂದು ಪಡೆದು, ಯಾರ ಹೆಸರಿನಲ್ಲಿ ಕಾಣಿಕೆ ಸಂದಿತೋ ಅವರಿಗೆ ಪ್ರಮಾಣಪತ್ರ ಕಳುಹಿಸುವುದು ಇದರ ಕ್ರಮ. ೨೦೧೩ರ ಕಂಪನಿ ಕಾಯಿದೆಯ ೧೩೫ನೆಯ ಪ್ರಕರಣವು ದೊಡ್ಡ ಕಂಪನಿಗಳು ಲಾಭದ ಶೇಕಡ ೨ರಷ್ಟನ್ನು ಸಮಾಜಕಾರ್ಯಕ್ಕೆ ತೆಗೆದಿರಿಸಬೇಕೆಂದು ವಿಧಿಸಿದ ಮೇಲೆ, ಅದರ ಒಂದು ಪಾಲು ಗಿಡ ನೆಡುವ ಕೆಲಸಕ್ಕೆ ಹರಿಯತೊಡಗಿತು.

ಈ ದಾನದ ಉದ್ದೇಶ ಶ್ಲಾಘ್ಯವಾದುದು. ಆದರೆ ಅದರ ಲೆಕ್ಕ ಗಿಡಗಳ ಸಂಖ್ಯೆಯಲ್ಲಿ ನಡೆಯುತ್ತದೆ. ಮರದ ಬದುಕು ವರ್ಷಗಳಲ್ಲಿ ನಡೆಯುತ್ತದೆ. ತೇಗ, ಬೀಟೆ, ಮತ್ತಿ, ಹೊನ್ನೆಗಳಂತಹ ನಾಡಮರಗಳಿಗೆ ಕೆಚ್ಚು ಕೂಡಲು ದಶಕಗಳೇ ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿದು, ಉಳಿದ ಎಂಟು ತಿಂಗಳು ಬಹುಮಟ್ಟಿಗೆ ಒಣಗಿರುವ ಕೊಂಕಣದ ಗುಡ್ಡಗಳಲ್ಲಿ ಎಳೆಯ ಸಸಿಗೆ ಬೇಸಿಗೆಯ ಬೆಂಕಿ, ದನ ಆಡುಗಳ ಬಾಯಿ, ಹಬ್ಬಿ ಮುಚ್ಚುವ ಕಳೆ ಇವು ನೆಟ್ಟ ದಿನದಿಂದಲೇ ಎದುರಾಗುವ ಶತ್ರುಗಳು. ಹೀಗಿರುವಲ್ಲಿ ನೆಡುವ ದಿನದ ವೆಚ್ಚವನ್ನು ಮಾತ್ರ ಭರಿಸುವ ದಾನವು ಗಟ್ಟಿಮರದ ಕಾಡನ್ನು ಮರಳಿ ತರಬಲ್ಲುದೇ?

ಈ ಪ್ರಶ್ನೆಗೆ ಮುಂಬಯಿ ಪರಿಸರದ ಶಾಸನಗಳಲ್ಲಿಯೇ ಒಂದು ಉತ್ತರದ ದಾರಿ ಇದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ದಾನಿಯ ಆಯುಸ್ಸನ್ನು ಮೀರಿ ನಡೆಯಬೇಕಾದ ಕಾರ್ಯಕ್ಕೆ ಹಣವನ್ನು ಹೇಗೆ ಕೊಡಬೇಕೆಂಬುದನ್ನು ಈ ನೆಲದ ದಾನಿಗಳು ಬಹು ಹಿಂದೆಯೇ ಕಂಡುಕೊಂಡಿದ್ದರು. ಈ ಸಾಮಗ್ರಿಯಲ್ಲಿ ಕನ್ನಡ ಅರಸುಮನೆತನವೊಂದರ ಕಾಲದ ದಾಖಲೆಗಳೂ ಸೇರಿರುವುದರಿಂದ, ಹೊರನಾಡುಗಳಲ್ಲಿದ್ದು ಕನ್ನಡ ವಿಷಯಗಳನ್ನು ಅಭ್ಯಸಿಸುವ ಸಂಶೋಧಕರಿಗೆ ಇದು ಉಪಯುಕ್ತವಾದೀತೆಂದು ನಾವು ಭಾವಿಸಿದ್ದೇವೆ.

೨

ಮೊದಲಿಗೆ ನಾಸಿಕದ ಪಾಂಡವಲೇಣಿಯ ೧೦ನೆಯ ಗುಹೆಯಲ್ಲಿರುವ ಉಷವದಾತನ ಶಾಸನಗಳನ್ನು ನೋಡಬಹುದು. ಈತನು ಕ್ಷಹರಾತ ಕ್ಷತ್ರಪನಾದ ನಹಪಾನನ ಅಳಿಯ. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳಿಗಾಗಿ ಈತನು ೩೦೦೦ ಕಾರ್ಷಾಪಣಗಳನ್ನು ‘ಅಖಯನಿವಿ’ಯಾಗಿ, ಎಂದರೆ ಅಕ್ಷಯನೀವಿಯಾಗಿ ಕೊಟ್ಟನು. ಆ ಹಣವನ್ನು ಭಿಕ್ಷುಗಳ ಕೈಗೆ ಕೊಡದೆ ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇರಿಸಿದನು. ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಯಂತೆ ೨೦೦೦, ಇನ್ನೊಂದರಲ್ಲಿ ನೂರಕ್ಕೆ ಮುಕ್ಕಾಲರಂತೆ ೧೦೦೦. ಮೂಲಧನವನ್ನು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬುದು ಕರಾರು. ಇದನ್ನು ನಿಗಮಸಭೆಯಲ್ಲಿ ಸಾರಿ, ಪದ್ಧತಿಯಂತೆ ಫಲಕದಲ್ಲಿ ದಾಖಲಿಸಲಾಯಿತು.

ಇಲ್ಲಿಯ ಗಣಿತದ ಖಚಿತತೆ ಗಮನಾರ್ಹವಾದುದು. ೨೦೦೦ ಕಾರ್ಷಾಪಣಗಳಿಗೆ ವರ್ಷಕ್ಕೆ ಬರುವ ಬಡ್ಡಿ ೨೪೦. ಇಪ್ಪತ್ತು ಮಂದಿ ಭಿಕ್ಷುಗಳಿಗೆ ತಲಾ ೧೨ ಕಾರ್ಷಾಪಣ ವಸ್ತ್ರಕ್ಕಾಗಿ ಸಲ್ಲಬೇಕೆಂದು ಶಾಸನ ಹೇಳುತ್ತದೆ. ಅದೂ ೨೪೦ ಆಗುತ್ತದೆ. ಎಂದರೆ ದಾನಿಯು ಮೊದಲು ವರ್ಷದ ಅಗತ್ಯವನ್ನು ಎಣಿಸಿ, ಅದಕ್ಕೆ ತಕ್ಕ ಮೂಲಧನವನ್ನು ನಿಗದಿಪಡಿಸಿದ್ದಾನೆ. ಇಂದಿನ ದಾನಸಂಸ್ಥೆಗಳ ಲೆಕ್ಕಿಗರೂ ಮೆಚ್ಚಬೇಕಾದ ಕ್ರಮವಿದು.

ಇದೇ ಉಷವದಾತನು ಮರಗಳನ್ನೂ ದಾನವಾಗಿ ಕೊಟ್ಟಿದ್ದಾನೆ. ಕಾಪುರಾಹಾರದ ಚಿಖಲಪದ್ರ ಗ್ರಾಮದಲ್ಲಿ ೮೦೦೦ ತೆಂಗುಗಳನ್ನು ಕೊಟ್ಟುದಾಗಿ ಒಂದು ಶಾಸನ ಹೇಳಿದರೆ, ನಾನಂಗೋಲ ಗ್ರಾಮದ ೩೨ ಸಾವಿರ ತೆಂಗುಗಳನ್ನು ಶೂರ್ಪಾರಕವೂ ಸೇರಿದಂತೆ ನಾಲ್ಕು ಸ್ಥಳಗಳ ಚರಕ ಪರಿಷತ್ತುಗಳಿಗೆ ಕೊಟ್ಟುದಾಗಿ ಇನ್ನೊಂದು ಹೇಳುತ್ತದೆ. ಶೂರ್ಪಾರಕವೆಂದರೆ ಮುಂಬಯಿಯ ಉತ್ತರದ ಉಪನಗರಗಳಿಗೆ ಹೊಂದಿಕೊಂಡಿರುವ ಇಂದಿನ ನಾಲಾಸೋಪಾರಾ. ಈ ಶಾಸನಗಳಲ್ಲಿ ತೆಂಗಿಗೆ ಬಳಸಿರುವ ಪದ ‘ಮೂಲ’. ಇದನ್ನು ಸಾಮಾನ್ಯವಾಗಿ ಬೊಡ್ಡೆ, ಮರ ಎಂದು ಅರ್ಥೈಸಲಾಗಿದೆ. ‘ಮೂಲ’ವೆಂದರೆ ಬೇರು, ‘ಮೂಲ’ವೆಂದರೆ ಬಂಡವಾಳ. ಕನ್ನಡದಲ್ಲಿ ಇಂದಿಗೂ ಮೂಲಧನವೆಂಬ ಮಾತು ಬಳಕೆಯಲ್ಲಿದೆ. ತೆಂಗಿನ ತೋಟವೊಂದನ್ನು ದಾನವಾಗಿ ಪಡೆದ ಸಂಸ್ಥೆ ಕಾಯಿಯನ್ನು ಅನುಭವಿಸುತ್ತದೆ, ಮರವನ್ನು ಕಡಿಯುವುದಿಲ್ಲ. ನೇಕಾರ ಶ್ರೇಣಿಯಲ್ಲಿಟ್ಟ ಹಣಕ್ಕೂ ಕಡಲ ತೀರದ ತೋಟಕ್ಕೂ ಅನ್ವಯಿಸಿರುವ ನಿಯಮ ಒಂದೇ: ವೃದ್ಧಿಯನ್ನು ಉಣ್ಣು, ಮೂಲವನ್ನು ಉಳಿಸು.

೩

ಇನ್ನು ಕಾನ್ಹೇರಿಗೆ ಬರೋಣ. ಬೊರಿವಲಿಯ ಬಳಿ, ಇಂದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆನಿಸಿರುವ, ೧೦೦ ಚದರ ಕಿಲೋಮೀಟರಿಗೂ ಮಿಗಿಲಾದ ಅರಣ್ಯದ ನಡುವೆ ಈ ಗುಹಾಸಮೂಹವಿದೆ. ಶಾಸನಗಳಲ್ಲಿ ಇದರ ಹೆಸರು ಕೃಷ್ಣಗಿರಿ. ಇಲ್ಲಿಯ ಮೂರು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಕಾಲದವು (ಆಳ್ವಿಕೆ ಕ್ರಿ.ಶ. ೮೧೪-೮೭೮). ಶಕ ೭೬೫ರಿಂದ ೭೯೯ರವರೆಗಿನ ಈ ದಾಖಲೆಗಳಲ್ಲಿ ಅಮೋಘವರ್ಷನನ್ನು ಸಾರ್ವಭೌಮನೆಂದೂ, ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿಯನ್ನೂ ಅವನ ಮಗ ಕಪರ್ದಿಯನ್ನೂ ಅವನ ಸಾಮಂತರೆಂದೂ ಹೆಸರಿಸಲಾಗಿದೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ‘ಕವಿರಾಜಮಾರ್ಗ’ ರಚಿತವಾದುದು ಸರ್ವವಿದಿತ. ಆ ಕಾವ್ಯಲಕ್ಷಣಗ್ರಂಥ ರೂಪುಗೊಂಡ ಅದೇ ಆಳ್ವಿಕೆಯಲ್ಲಿ, ಅದೇ ಸಾಮ್ರಾಜ್ಯದ ಪಶ್ಚಿಮದಂಚಿನ ಕಾಡಿನೊಳಗೆ ಈ ದತ್ತಿಗಳು ಬಂಡೆಯ ಮೇಲೆ ಮೂಡಿದವು. ಉತ್ತರ ಕೊಂಕಣದ ಶಿಲಾಹಾರರ ಬಿರುದುಗಳಲ್ಲಿ ಕನ್ನಡ ಪದಗಳಿರುವುದನ್ನು ಶಾಸನತಜ್ಞರು ಹಿಂದೆಯೇ ಗುರುತಿಸಿದ್ದಾರೆ. ಮುಂಬಯಿಯ ಚರಿತ್ರೆಯಲ್ಲಿ ಕನ್ನಡದ ಸುಳಿವು ಎಷ್ಟು ಹಿಂದಿನದೆಂಬುದಕ್ಕೆ ಇದೂ ಒಂದು ಆಧಾರ.

ದತ್ತಿಗಳ ವಿವರ ನಮಗೆ ಮುಖ್ಯವಾದುದು. ಪುಲ್ಲಶಕ್ತಿಯ ಕಾಲದ ದಾನವು ಬುದ್ಧನ ಪೂಜೆ, ವಿಹಾರದ ದುರಸ್ತಿ, ಭಿಕ್ಷುಗಳ ವಸ್ತ್ರ, ಪುಸ್ತಕ ಎಂದು ವೆಚ್ಚವನ್ನು ಬಾಬುಬಾಬಾಗಿ ಬೇರ್ಪಡಿಸುತ್ತದೆ. ಕಪರ್ದಿಯ ಕಾಲದಲ್ಲಿ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು ಇಲ್ಲಿ ಧ್ಯಾನಕ್ಕಾಗಿ ಶಾಲೆಯನ್ನು ಕಟ್ಟಿಸಿ, ೧೦೦ ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇರಿಸಿದನು. ಕಟ್ಟಿಸುವುದು ಒಂದು ದಾನ. ಕಟ್ಟಿದ್ದು ನಡೆಯುವಂತೆ ಮಾಡುವುದು ಇನ್ನೊಂದು ದಾನ. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲದೆಂಬ ತಿಳಿವು ಇಲ್ಲಿ ಸ್ಪಷ್ಟವಾಗಿದೆ. ಕನ್ನಡ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮತ್ತೆ ಮತ್ತೆ ಬರುವುದಕ್ಕೂ ಇದೇ ಕಾರಣ. ದೇವಾಲಯವನ್ನು ಕಟ್ಟಿಸಿದವನು, ಒಡೆದದ್ದನ್ನು ಸರಿಪಡಿಸಲು ಭೂಮಿಯನ್ನೂ ಬಿಡುತ್ತಿದ್ದನು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಾನ್ಹೇರಿಯ ಈ ದತ್ತಿಗಳು ಮರಗಳಿಗಾಗಿ ಕೊಟ್ಟವಲ್ಲ; ಉಷವದಾತನ ತೆಂಗುಗಳು ಫಲಕ್ಕಾಗಿ ಬೆಳೆಸಿದವೇ ಹೊರತು ಕಾಡುಮರಗಳಲ್ಲ. ಇವುಗಳಿಂದ ನಾವು ಪಡೆಯುವುದು ದಾನದ ರೂಪವನ್ನು ಮಾತ್ರ. ಆ ರೂಪವನ್ನು ಗಿಡಮರಗಳಿಗೆ ಅನ್ವಯಿಸಲು ಬೇಕಾದ ಭಾವನೆಯನ್ನು ನಮ್ಮ ಮಧ್ಯಕಾಲೀನ ಸಾಹಿತ್ಯ ಮತ್ತು ಶಾಸನಗಳಲ್ಲಿ ಹುಡುಕಬೇಕಾಗುತ್ತದೆ.

೪

ಮಧ್ಯಕಾಲದ ದಾನಕಲ್ಪನೆಯಲ್ಲಿ ‘ಸಪ್ತಸಂತಾನ’ವೆಂಬುದು ಪ್ರಸಿದ್ಧ. ಮಗ, ಕಾವ್ಯ, ಕೆರೆ, ದೇವಾಲಯ, ಅಗ್ರಹಾರ, ನಿಧಿ ಇವುಗಳ ಜೊತೆಗೆ ವನವೂ ಒಂದು ಸಂತಾನ. ಕೆರೆ ಕಟ್ಟಿಸಿದವನ ಹೆಸರು ಉಳಿಯುವಂತೆ ಮರ ಬೆಳೆಸಿದವನ ಹೆಸರೂ ಉಳಿಯುತ್ತದೆ ಎಂಬುದು ಇದರ ಮೇಲುನೋಟದ ಅರ್ಥ. ‘ಸಂತಾನ’ವೆಂಬ ಪದದಲ್ಲಿ ಇನ್ನೂ ಒಂದು ಹೊಣೆ ಅಡಗಿದೆ. ಹೆತ್ತರೆ ಸಾಲದು, ಸಾಕಬೇಕು. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲನ್ನು ಬೆಳೆಸಿ ೨೦೧೯ರಲ್ಲಿ ಪದ್ಮಶ್ರೀ ಗೌರವ ಪಡೆದ ದಿವಂಗತ ಸಾಲುಮರದ ತಿಮ್ಮಕ್ಕನವರ ಬದುಕು ಈ ಪದಕ್ಕೆ ನಮ್ಮ ಕಾಲದ ವ್ಯಾಖ್ಯಾನ. ಮಕ್ಕಳಿಲ್ಲದ ಆ ದಂಪತಿಗಳು ಗಿಡಗಳಿಗೆ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ವರ್ಷಗಟ್ಟಲೆ ಕಾಯ್ದರು. ನೆಟ್ಟ ದಿನಕ್ಕಿಂತ ಕಾಯ್ದ ವರ್ಷಗಳೇ ಅಲ್ಲಿ ದೊಡ್ಡವು.

ಸುಮಾರು ಕ್ರಿ.ಶ. ೧೦೨೫ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಬೀಜದ ಸಂಸ್ಕಾರ, ಗಿಡದ ಪೋಷಣೆ, ಮರದ ರೋಗ ಮತ್ತು ಅದರ ಚಿಕಿತ್ಸೆ ಅಲ್ಲಿಯ ವಿಷಯ. ಕವಿಗಳು ವನವರ್ಣನೆಯಲ್ಲಿ ಮರಗಳ ಹೆಸರುಗಳನ್ನು ಪೋಣಿಸುತ್ತಿದ್ದ ಕಾಲದಲ್ಲಿಯೇ, ಮರಕ್ಕೂ ಆಯುಸ್ಸುಂಟು, ಅದಕ್ಕೂ ವೈದ್ಯ ಬೇಕೆಂಬ ಶಾಸ್ತ್ರ ಕನ್ನಡದಲ್ಲಿ ರಚಿತವಾಯಿತೆಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಸಾಕಷ್ಟು ಎತ್ತಿ ಹೇಳಿಲ್ಲ.

ಇದಕ್ಕೆ ಸಮಾನಾಂತರವಾಗಿ ಕೊಡಗು, ಉತ್ತರ ಕನ್ನಡಗಳ ದೇವರಕಾಡುಗಳೂ ಮಹಾರಾಷ್ಟ್ರದ ದೇವರಾಯಿಗಳೂ ನಿಲ್ಲುತ್ತವೆ. ಇಲ್ಲಿ ಹಣವಿಲ್ಲ, ಬಡ್ಡಿಯಿಲ್ಲ. ಕಾಡೇ ದೇವರಿಗೆ ಬಿಟ್ಟ ಮೂಲಧನ. ಕೊಂಕಣದಲ್ಲಿ ದತ್ತಿಯನ್ನು ಕೆಡಿಸುವವರ ಮೇಲೆ ಶಾಪವನ್ನು ಕೆತ್ತಿದ ಗಧೇಗಳ ಕಲ್ಲುಗಳು ಶಿಲಾಹಾರರ ಕಾಲದಿಂದ ದೊರೆಯುತ್ತವೆ. ಮುಂಬಯಿಯ ಆಸುಪಾಸಿನಲ್ಲಿಯೂ ಇಂತಹವು ಸಿಕ್ಕಿವೆ. ಕನ್ನಡ ಶಾಸನಗಳ ಕೊನೆಯ ಶಾಪಾಶಯವೂ ಇದೇ ಬಗೆಯದು. ದಾನಿಗಳಿಗೆ ಇದ್ದ ಭಯ ಕೊಡುವಾಗಿನದಲ್ಲ, ಕೊಟ್ಟ ಮೇಲಿನದು.

೫

ಗಟ್ಟಿಮರದ ವಿಷಯದಲ್ಲಿ ಮುಂಬಯಿಯ ಮೇಲೆ ಒಂದು ಹಳೆಯ ಋಣವೂ ಇದೆ. ೧೭೩೬ರಲ್ಲಿ ಸೂರತ್ತಿನಿಂದ ಲೋವಜಿ ನಸರವಾನಜಿ ವಾಡಿಯಾ ಬಂದು ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯ ಕೆಲಸವನ್ನು ಕೈಗೊಂಡ ಮೇಲೆ, ಅವರ ವಂಶದವರು ತಲೆಮಾರುಗಳವರೆಗೆ ಇಲ್ಲಿ ತೇಗದ ಹಡಗುಗಳನ್ನು ಕಟ್ಟಿದರು. ೧೮೧೦ರ ಮಿಂಡನ್, ೧೮೧೩ರ ಕಾರ್ನ್‌ವಾಲಿಸ್, ೧೮೧೭ರ ಟ್ರಿಂಕೊಮಲಿ ಇವು ಬ್ರಿಟಿಷ್ ನೌಕಾದಳಕ್ಕೆ ಸಂದ ಹೆಸರಾಂತ ನೌಕೆಗಳು. ಇವುಗಳಲ್ಲಿ ಟ್ರಿಂಕೊಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲಿದೆ. ಇನ್ನೂರು ವರ್ಷ ಮೀರಿ ಬಾಳಿರುವುದು ಆ ಮರದ ಕೆಚ್ಚಿಗೆ ಸಾಕ್ಷಿ.

ಆ ಮರ ಮಲಬಾರ ಮತ್ತು ಕೆನರಾದ ಘಟ್ಟದ ಕಾಡುಗಳಿಂದ ಕಡಲ ಹಾದಿಯಲ್ಲಿ ಬರುತ್ತಿತ್ತು. ನೌಕಾದಳದ ಬೇಡಿಕೆಗಾಗಿ ೧೮೦೬ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್‌ನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಲಾಯಿತು. ಜನರ ಮತ್ತು ವರ್ತಕರ ಅಸಮಾಧಾನದ ನಡುವೆ ೧೮೨೩ರಲ್ಲಿ ಆ ಹುದ್ದೆ ರದ್ದಾಯಿತು. ತೇಗ ತೀರುತ್ತ ಬಂದಾಗ ೧೮೪೦ರ ದಶಕದಲ್ಲಿ ಮಲಬಾರದ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ನೆಡುತೋಪನ್ನು ಆರಂಭಿಸಿದನು. ೧೮೪೭ರಲ್ಲಿ ಮುಂಬಯಿ ಪ್ರಾಂತಕ್ಕೆ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಕನಾದನು. ೧೮೬೨ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರವರೆಗೆ ಮುಂಬಯಿಯ ಆಡಳಿತದಲ್ಲಿಯೇ ಇತ್ತು. ಹೀಗೆ ಕನ್ನಡನಾಡಿನ ಗಟ್ಟಿಮರದ ಸೀಮೆಯೊಂದು ಸುಮಾರು ಒಂದು ಶತಮಾನ ಕಾಲ ಮುಂಬಯಿ ಸರಕಾರದ ಅರಣ್ಯವಾಗಿತ್ತು. ಆ ಸೀಮೆಯಿಂದ ಮರ ಬಂದಂತೆ ಮನುಷ್ಯರೂ ಬಂದರು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರ ಕಥನಗಳಲ್ಲಿ ಈ ಎರಡು ನೆಲಗಳ ನಂಟು ಸಾಹಿತ್ಯದ ವಸ್ತುವಾಯಿತು.

ಮರಗಳ ಹೆಸರುಗಳೂ ಈ ನಂಟನ್ನು ಹೇಳುತ್ತವೆ. ಮರಾಠಿಯ ‘ಕಿಂಜಳ’ ಉತ್ತರ ಕನ್ನಡದ ‘ಕಿಂದಳ’. ಮರಾಠಿಯ ‘ಹೇದು’ ಕನ್ನಡದ ‘ಹೆದ್ದಿ’. ನಮ್ಮ ಮತ್ತಿ ಅಲ್ಲಿಯ ಐನ, ನಮ್ಮ ಬೀಟೆ ಅಲ್ಲಿಯ ಶಿಸವ, ನಮ್ಮ ಹೊನ್ನೆ ಅಲ್ಲಿಯ ಬಿಬಳಾ. ಭಾಷೆಯ ಗಡಿ ಬದಲಾದರೂ ಕಾಡು ಒಂದೇ.

೬

ಈಗ ವರ್ತಮಾನಕ್ಕೆ ಬರಬಹುದು. ಮುಂಬಯಿಯ ಕಾಡು ಉಳಿದುದಕ್ಕೆ ಒಂದು ಕಾರಣ ನೀರು. ವಿಹಾರ ಕೆರೆ ೧೮೬೦ರಲ್ಲಿಯೂ ತುಳಸಿ ಕೆರೆ ೧೮೭೯ರಲ್ಲಿಯೂ ನಗರದ ಕುಡಿಯುವ ನೀರಿಗಾಗಿ ಸಿದ್ಧವಾದವು. ಅವುಗಳ ಜಲಾನಯನವನ್ನು ಕಾಯಬೇಕಾದುದರಿಂದ ಸುತ್ತಣ ಗುಡ್ಡಗಳೂ ಉಳಿದವು. ಅದರ ಅಂಚಿನ ಆರೆಯಲ್ಲಿ ೨೦೧೯ರ ಅಕ್ಟೋಬರದಲ್ಲಿ ಮೆಟ್ರೋ ಡಿಪೋಗಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿದುದು, ಸರ್ವೋಚ್ಚ ನ್ಯಾಯಾಲಯ ಕಡಿತಕ್ಕೆ ತಡೆ ನೀಡಿದುದು ಎಲ್ಲರಿಗೂ ತಿಳಿದ ಸಂಗತಿ. ಆ ವಿವಾದದಲ್ಲಿ ಕೇಳಿಬಂದ ಮುಖ್ಯ ಸಮಾಧಾನ, ಕಡಿದದ್ದಕ್ಕೆ ಪ್ರತಿಯಾಗಿ ಗಿಡಗಳನ್ನು ನೆಡಲಾಗುವುದೆಂಬುದು. ಬೆಳೆದ ಮರಕ್ಕೆ ಸಸಿಯನ್ನು ಸಮವೆಂದು ಎಣಿಸುವ ಈ ಲೆಕ್ಕವನ್ನು ೧೯೭೫ರ ಮಹಾರಾಷ್ಟ್ರ ನಗರ ವೃಕ್ಷ ಸಂರಕ್ಷಣಾ ಕಾಯಿದೆಗೆ ೨೦೨೧ರಲ್ಲಿ ಆದ ತಿದ್ದುಪಡಿ ಸ್ವಲ್ಪಮಟ್ಟಿಗೆ ತಿದ್ದಿತು. ೫೦ ವರ್ಷ ಮೀರಿದ ಮರ ಪಾರಂಪರಿಕ ವೃಕ್ಷವಾಯಿತು. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಗಿಡಗಳನ್ನು ನೆಟ್ಟು ಏಳು ವರ್ಷ ಸಾಕಬೇಕೆಂದಾಯಿತು. ಸಂಖ್ಯೆಯ ಜೊತೆಗೆ ವಯಸ್ಸನ್ನೂ ಆರೈಕೆಯನ್ನೂ ಕಾನೂನಿನ ಭಾಷೆಗೆ ತಂದುದು ಇದರ ವಿಶೇಷ.

ಯಾವ ಮರವೆಂಬುದೂ ಕಡೆಗಣಿಸುವ ಪ್ರಶ್ನೆಯಲ್ಲ. ಬೇಗ ಹಸುರು ತೋರಿಸುವ ಗ್ಲಿರಿಸಿಡಿಯ, ಸುಬಾಬುಲ್, ಅಕೇಶಿಯಾಗಳು ದಾನಿಗೆ ತೃಪ್ತಿ ಕೊಡುತ್ತವೆ. ಆದರೆ ಅವು ಹೊರದೇಶದ ಮರಗಳು. ತೇಗ ನಾಡಮರವೇ ಆದರೂ, ಸಹಜ ಕಾಡನ್ನು ಕಡಿದು ತೇಗವೊಂದನ್ನೇ ಬೆಳೆಸಿದರೆ ಅದು ಕಾಡಾಗದೆಂಬುದನ್ನು ೧೯೮೩ರಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ ಮೊದಲಾದ ಅಪ್ಪಿಕೋ ಚಳವಳಿ ಸಾರಿ ಹೇಳಿತು. ಆದುದರಿಂದ ನಾಡಿನ ಗಟ್ಟಿಮರವೆಂದಾಗ ಮತ್ತಿ, ಹೊನ್ನೆ, ಬೀಟೆ, ಹೆದ್ದಿ, ಕಾಚು, ತೇಗಗಳ ಮಿಶ್ರಣವನ್ನೇ ಅರ್ಥೈಸಬೇಕು.

ಹಣದ ವಿಷಯದಲ್ಲಿ ಒಂದು ವಿಪರ್ಯಾಸವಿದೆ. ಕಂಪನಿಗಳ ಸಮಾಜಕಾರ್ಯದ ಹಣವನ್ನು ಯಾವುದೇ ಸಂಸ್ಥೆಯ ಮೂಲನಿಧಿಗೆ ಕೊಡುವಂತಿಲ್ಲವೆಂದು ೨೦೨೧ರ ಜನವರಿಯ ನಿಯಮಗಳ ನಂತರ ಆಗಿದೆ. ಮುಂದುವರಿಯುವ ಯೋಜನೆಯನ್ನೂ ಆರಂಭದ ವರ್ಷ ಬಿಟ್ಟು ಮೂರು ವರ್ಷಗಳೊಳಗೆ ಮುಗಿಸಬೇಕು. ನಿಧಿಗಳು ಖರ್ಚಾಗದೆ ಕೊಳೆಯಬಾರದೆಂಬುದು ಇದರ ಉದ್ದೇಶವಿರಬಹುದು. ಆದರೆ ಮೂರು ನಾಲ್ಕು ವರ್ಷಗಳಲ್ಲಿ ಶಾಲೆಯ ಕಟ್ಟಡ ಮುಗಿದೀತು, ಬೀಟೆಯ ಮರ ಮುಗಿಯದು. ಉಷವದಾತನೂ ಅವಿಘ್ನಾಕರನೂ ಮಾಡಿದ ಬಗೆಯ ದಾನ ದೊಡ್ಡ ಹಣವುಳ್ಳ ಕಂಪನಿಗಳಿಗೆ ಈ ಬಾಬಿನಲ್ಲಿ ನಿಷಿದ್ಧ. ಸಾಮಾನ್ಯ ಗೃಹಸ್ಥನಿಗೆ ಮಾತ್ರ ಅದು ತೆರೆದಿದೆ. ವ್ಯಕ್ತಿಗಳ ಕಾಣಿಕೆಗೆ ಇರುವ ವಿಶೇಷ ಬೆಲೆ ಇಲ್ಲಿದೆ.

೭

ಮುಂಬಯಿಯ ಕನ್ನಡಿಗರಿಗೆ ಈ ದಾನರೂಪ ಹೊಸತಲ್ಲ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳನ್ನು ಬೆಳೆಸಿದ ಸಮಾಜವಿದು. ಮೂಲಧನವನ್ನು ಬ್ಯಾಂಕಿನಲ್ಲಿರಿಸಿ ಬಡ್ಡಿಯಿಂದ ದತ್ತಿ ಉಪನ್ಯಾಸ, ವಿದ್ಯಾರ್ಥಿವೇತನ, ಬಹುಮಾನಗಳನ್ನು ನಡೆಸುವ ಪದ್ಧತಿ ಕನ್ನಡ ಸಂಘಗಳಲ್ಲಿ ಎಲ್ಲೆಡೆ ರೂಢವಾಗಿದೆ. ಅಕ್ಷಯನೀವಿಯೆಂಬ ಹೆಸರು ಮರೆತಿದ್ದರೂ ವಸ್ತು ಉಳಿದಿದೆ. ಇದೇ ಪದ್ಧತಿಯನ್ನು ಗಟ್ಟಿಮರಗಳಿಗೆ ವಿಸ್ತರಿಸಿದರೆ ಕಾಣಿಕೆಯ ಸ್ವರೂಪವೇ ಬದಲಾಗುತ್ತದೆ. ನೂರು ಗಿಡಗಳನ್ನು ನೆಡಿಸುವ ಹಣದಲ್ಲಿ ಹತ್ತು ಗಿಡಗಳನ್ನು ನೆಡಿಸಿ, ಉಳಿದುದನ್ನು ಮೂಲಧನವಾಗಿಟ್ಟು, ಅದರ ವೃದ್ಧಿಯಿಂದ ಬೆಂಕಿಗೆರೆ ಕಡಿಯುವ, ಬೇಲಿ ಕಟ್ಟುವ, ಸತ್ತ ಸಸಿಯ ಜಾಗದಲ್ಲಿ ಮತ್ತೊಂದನ್ನು ನೆಡುವ ಕೆಲಸ ನಡೆಯಬಹುದು. ಆ ಕಾಡುಗಳಲ್ಲಿಯೇ ಬಾಳುತ್ತಿರುವ ವಾರ್ಲಿ ಮೊದಲಾದ ಆದಿವಾಸಿಗಳಿಗೆ ಅದರ ಕೂಲಿ ಸಲ್ಲಬೇಕಾದುದು ನ್ಯಾಯ.

ಆದರೆ ಕಾನ್ಹೇರಿಯೇ ಕಲಿಸುವ ಇನ್ನೊಂದು ಪಾಠವನ್ನು ಮರೆಯುವಂತಿಲ್ಲ. ಅಕ್ಷಯವೆಂದು ಕರೆದ ಆ ೧೦೦ ದ್ರಮ್ಮಗಳು ಇಂದಿಲ್ಲ. ಬಡ್ಡಿ ಕೊಡುವವರೂ ವಸ್ತ್ರ ಪಡೆಯುವವರೂ ಇಲ್ಲ. ವಿಹಾರ ಬರಿದಾಯಿತು. ಮೂಲಧನ ಎಷ್ಟೇ ಭದ್ರವಾಗಿದ್ದರೂ ಅದನ್ನು ನಡೆಸಿಕೊಂಡು ಬರುವ ಸಮುದಾಯವಿಲ್ಲದಿದ್ದರೆ ಅಕ್ಷಯವೆಂಬುದು ಬರಿಯ ಮಾತಾಗುತ್ತದೆ. ಉಷವದಾತನು ನಿಗಮಸಭೆಯಲ್ಲಿ ಸಾರಿಸಿದುದೂ ಶಿಲಾಹಾರರ ಕಾಲದವರು ಶಾಪವನ್ನು ಕೆತ್ತಿಸಿದುದೂ ಸಮುದಾಯವನ್ನು ಸಾಕ್ಷಿಯಾಗಿ ನಿಲ್ಲಿಸಲೆಂದೇ. ಇಂದಿನ ವೃಕ್ಷದಾನಕ್ಕೂ ಅಂತಹ ಸಾಕ್ಷಿ ಬೇಕು: ನೆಟ್ಟ ವರ್ಷದ ಪ್ರಮಾಣಪತ್ರದ ಜೊತೆಗೆ ಹತ್ತನೆಯ, ಇಪ್ಪತ್ತನೆಯ ವರ್ಷಗಳಲ್ಲಿ ಉಳಿದ ಮರಗಳ ಲೆಕ್ಕವನ್ನು ದಾನಿಯ ಮನೆಯವರಿಗೂ ಊರಿಗೂ ಬಹಿರಂಗವಾಗಿ ಒಪ್ಪಿಸುವ ವ್ಯವಸ್ಥೆ.

ಕರ್ನಾಟಕ ಮತ್ತು ಕೊಂಕಣದ ಶಾಸನಗಳಲ್ಲಿ ಬರುವ ತೋಟ, ತೋಪು, ವನಗಳ ದತ್ತಿಗಳನ್ನು ಒಟ್ಟುಗೂಡಿಸಿ, ಅವುಗಳ ಪೋಷಣೆಗೆ ಯಾವ ಏರ್ಪಾಡಿತ್ತೆಂಬುದನ್ನು ಪರಿಶೀಲಿಸುವ ಕೆಲಸ ವಿಸ್ತೃತವಾಗಿ ನಡೆಯಬೇಕಾಗಿದೆ. ಮುಂಬಯಿ, ಪುಣೆ, ದೆಹಲಿಗಳ ಗ್ರಂಥಾಲಯಗಳಿಗೂ ಪತ್ರಾಗಾರಗಳಿಗೂ ಹತ್ತಿರವಿರುವ ಹೊರನಾಡಿನ ಸಂಶೋಧಕರು ಇದನ್ನು ಕೈಗೆತ್ತಿಕೊಳ್ಳಲು ಹೆಚ್ಚು ಅನುಕೂಲ ಉಳ್ಳವರು. ದತ್ತಿಯ ವಸ್ತು, ಮ���ಲಧನವನ್ನು ವಹಿಸಿಕೊಂಡವರು, ಆರೈಕೆಯ ಹೊಣೆ, ಸಾಕ್ಷಿಗಳು ಎಂಬ ನಾಲ್ಕು ಅಂಶಗಳನ್ನು ಪ್ರತಿ ಶಾಸನದಿಂದಲೂ ಹೆಕ್ಕಿದರೆ, ಅದು ಚರಿತ್ರೆಗೆ ಸಾಮಗ್ರಿಯಾಗುವಂತೆ ಇಂದು ಗಿಡವನ್ನು ಕಾಣಿಕೆಯಾಗಿ ಕೊಡುವವರಿಗೂ ಮಾದರಿಯಾಗುತ್ತದೆ.